ಮೂರು ಮಧ್ಯಾಹ್ನದ ಮಿಲ್ಲು

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ಹಾಲು ಕಾಯಿಸಿ ಮೊಸರಿಗೆ ಹೆಪ್ಪು ಹಾಕಿದೆ. ಎರಡನೇ ವರ್ಷದವರ ಉತ್ತರಪತ್ರಿಕೆಯಲ್ಲಿ ಒಂದು ಕಟ್ಟು ತಿದ್ದಿದೆ. ಕುಕ್ಕರಿನ ಹಿಡಿಯಲ್ಲಿ ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿದೆ. ಗಂಡನ ಎರಡು ಷರಟಿಗೆ ಗುಂಡಿ ಹೊಲಿದೆ. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಎರಡು ಮೊಳ ಹೂವು, ಅರ್ಧ ಡಜನ್ ಬಾಳೆಹಣ್ಣು ತೆಗೆದುಕೊಂಡು ರಾವಂದೂರಿನ ಬಸ್ಸು ಹತ್ತಿದೆ. ಅಕ್ಕನ ಮನೆಯ ಜಗಲಿ ಗುಡಿಸಿದೆ. ಅವಳು ಬೇಡವೆಂದರೂ ಒಂದು ಮೊರ ಅವರೆಕಾಯಿ ಸುಲಿದೆ. ಮಧ್ಯಾಹ್ನ ಅವಳ ರಾಗಿ ಮಿಲ್ಲಿನ ಎರಡು ಕಲ್ಲು ಇನ್ನೊಬ್ಬನ ಟ್ರ್ಯಾಕ್ಟರಿಗೆ ಏರುವಾಗ ಅವು ಜಾರದಂತೆ ಒಂದು ಬದಿಯ ಹಗ್ಗ ಹಿಡಿದುಕೊಂಡೆ.

ಹಗ್ಗ ಹಿಡಿದದ್ದು ಆಮೇಲಿನ ಮಾತು. ಆ ಕಲ್ಲನ್ನು ಅಲ್ಲಿಂದ ಕಿತ್ತವಳೇ ನಾನು. ಅದನ್ನು ಮೊದಲಿಂದ ಬರೆಯುತ್ತೇನೆ.

ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ವಿಷಯ ಕರೆಂಟು. ಅದನ್ನು ಯಾರು ಮಾರುತ್ತಾರೆ, ಯಾರ ಹೆಸರಲ್ಲಿ ಯಾರು ಕೊಳ್ಳುತ್ತಾರೆ, ದರ ಕಟ್ಟುವವರು ಯಾರು, ತಪ್ಪಿದರೆ ಕೇಳುವವರು ಯಾರು. ಇದರ ಜೊತೆಗೆ ಇನ್ನೊಂದು ಅಭ್ಯಾಸವಿದೆ, ಕಂಡದ್ದನ್ನೆಲ್ಲ ಬರೆದಿಡುವುದು. ಹಾಲಿನವನು ಎಷ್ಟು ಹೊತ್ತಿಗೆ ಬಂದ, ಗ್ಯಾಸಿನ ಸಿಲಿಂಡರು ಎಷ್ಟು ದಿನ ಬಂತು, ಬಸ್ಸಿನಲ್ಲಿ ಎಷ್ಟು ಜನ ನಿಂತಿದ್ದರು. ನೋಟುಬುಕ್ಕುಗಳು ಮನೆಯಲ್ಲಿ ಎರಡು ಟ್ರಂಕಿನಷ್ಟಿವೆ. ಈ ಅಭ್ಯಾಸದಿಂದ ಯಾರಿಗೂ ಕೇಡಾಗದು ಎಂದು ಬಹಳ ಕಾಲ ನಂಬಿದ್ದೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ರಾವಂದೂರಿನಿಂದ ಆಟೋದಲ್ಲಿ ಹೋಗಬೇಕಾದ ಊರಿಗೆ ಕೊಟ್ಟಿದ್ದು. ಭಾವನಿಗೆ ಒಂದಿಷ್ಟು ಹೊಗೆಸೊಪ್ಪು, ಒಂದಿಷ್ಟು ರಾಗಿ, ಒಂದು ಬೋರ್‌ವೆಲ್ಲು. ಬೋರ್‌ವೆಲ್ಲಿನ ಪಕ್ಕ ಪಂಪಿನ ಶೆಡ್ಡು, ಶೆಡ್ಡಿಗೆ ಒತ್ತಿಕೊಂಡು ಒಂದು ಹಲಸಿನ ಮರ. ಆ ಶೆಡ್ಡಿನೊಳಗೇ ಅಕ್ಕನ ಮಿಲ್ಲು. ಭೇರ್ಯದ ಕಡೆ ಯಾರೋ ಹಳೇ ಕಲ್ಲಿನ ಮಿಲ್ಲು ತೆಗೆದು ಹೊಸ ಯಂತ್ರ ಹಾಕಿಸಿದಾಗ ಅವಳು ಅದನ್ನು ತರಿಸಿಕೊಂಡಳು. ಸವೆದ ಕಲ್ಲಿಗೆ ಉಳಿಯಿಂದ ಹಲ್ಲು ಕೊಚ್ಚುವುದನ್ನು, ಎರಡು ಕಲ್ಲಿನ ನಡುವೆ ಎಷ್ಟು ಸಂದು ಬಿಟ್ಟರೆ ಹಿಟ್ಟು ಬಿಸಿಯಾಗದೆ ನುಣ್ಣಗೆ ಬೀಳುತ್ತದೆ ಎಂಬುದನ್ನು ತಾನೇ ಕಲಿತಳು. ಸುತ್ತಲ ಮೂರು ಊರಿನವರು ಅವಳಲ್ಲಿಗೇ ರಾಗಿ ತರುತ್ತಿದ್ದರು. ಚೀಲ ತಂದು ಸಾಲಿನಲ್ಲಿಟ್ಟು ಮನೆಗೆ ಹೋದರೂ ಸರದಿ ತಪ್ಪುತ್ತಿರಲಿಲ್ಲ.

ಜನ ಅವಳಲ್ಲಿಗೆ ಬರುತ್ತಿದ್ದದ್ದಕ್ಕೆ ಇನ್ನೊಂದು ಕಾರಣ ಇತ್ತು. ಕಲ್ಲಿನ ಮಿಲ್ಲಿನಲ್ಲಿ ರಾಗಿ ಮುಗಿದ ಮೇಲೂ ಒಳಗೆ ಒಂದಿಷ್ಟು ಹಿಟ್ಟು ಅಂಟಿಕೊಂಡಿರುತ್ತದೆ. ಹಿಟ್ಟು ಬೀಳುವ ಬಾಯಿಯನ್ನು ಹೊರಗಿನಿಂದ ಬಡಿದರೆ ಅದು ಉದುರುತ್ತದೆ. ಬಡಿಯದಿದ್ದರೆ ಅದು ಮಿಲ್ಲಿನವರ ಪಾಲು, ಸಂಜೆ ಗುಡಿಸಿಕೊಂಡರೆ ಒಂದು ಮನೆಗೆ ಒಂದು ಹೊತ್ತಿನ ಮುದ್ದೆಗಾಗುತ್ತದೆ. ಎಲ್ಲ ಮಿಲ್ಲಿನವರೂ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬಡಿದು ಸುಮ್ಮನಾಗುತ್ತಾರೆ. ಅಕ್ಕ ಮೂರು ಸಲ ಬಡಿಯುತ್ತಿದ್ದಳು. ಅದಕ್ಕೆಂದೇ ಒಂದು ಹಳೇ ಒನಕೆಯ ತುಂಡು ಇಟ್ಟುಕೊಂಡಿದ್ದಳು. ಮೂರನೇ ಬಡಿತಕ್ಕೆ ಬೀಳುವುದು ಒಂದು ಹಿಡಿ ಹಿಟ್ಟು. ಆ ಒಂದು ಹಿಡಿಯ ಮೇಲೆ ಅವಳ ಹೆಸರು ನಿಂತಿತ್ತು.

ಈಗ ಕರೆಂಟಿನ ಮಾತು. ನಮ್ಮ ಕಡೆ ಪಂಪು ಓಡಲು ತ್ರೀಫೇಸ್ ಬೇಕು. ಅದನ್ನು ಕರೆಂಟು ಕಂಪನಿಯವರು ಸರದಿಯ ಮೇಲೆ ದಿನಕ್ಕೆ ಕೆಲವು ಗಂಟೆ ಬಿಡುತ್ತಾರೆ. ಪಂಪಿನ ಕರೆಂಟಿಗೆ ರೈತ ದುಡ್ಡು ಕೊಡುವುದಿಲ್ಲ, ಅವನ ಪರವಾಗಿ ಸರ್ಕಾರ ಕೊಡುತ್ತದೆ. ರಾಗಿ ಮಿಲ್ಲಿನ ಕರೆಂಟು ಬೇರೆ. ಅದಕ್ಕೆ ಬೇರೆ ಅರ್ಜಿ, ಬೇರೆ ಮೀಟರು, ಬೇರೆ ದರ. ಕಂಬ ಅದೇ, ತಂತಿ ಅದೇ, ಒಳಗೆ ಹರಿಯುವುದೂ ಅದೇ. ಕಾಗದದಲ್ಲಿ ಮಾತ್ರ ಜಾತಿ ಬೇರೆ. ಅಕ್ಕ ಬೇರೆ ಕನೆಕ್ಷನ್ನಿಗೆ ಎರಡು ಸಲ ಅರ್ಜಿ ಹಾಕಿದ್ದಳು. ಶೆಡ್ಡು ಇರುವುದು ವ್ಯವಸಾಯದ ಜಮೀನಿನಲ್ಲಿ, ಆದ್ದರಿಂದ ಆಗುವುದಿಲ್ಲ ಎಂದು ಎರಡು ಸಲವೂ ವಾಪಸು ಬಂತು. ಕೊನೆಗೆ ಅವಳು ಪಂಪಿನ ಸ್ಟಾರ್ಟರಿನಿಂದಲೇ ಒಂದು ವೈರು ಎಳೆದು ಮಿಲ್ಲಿನ ಮೋಟಾರಿಗೆ ಕೊಟ್ಟಳು. ವಾರಕ್ಕೆ ಮೂರು ಮಧ್ಯಾಹ್ನ ಪಂಪು ನಿಲ್ಲಿಸಿ ಮಿಲ್ಲು ಹಾಕುತ್ತಿದ್ದಳು.

ಇದು ಕಾನೂನಿನ ಪ್ರಕಾರ ಕಳ್ಳತನ ಎಂದು ನಾನೇ ಒಂದು ಸಲ ಅವಳಿಗೆ ಹೇಳಿದ್ದೆ. ಅವಳು ಕಲ್ಲಿನ ಮೇಲೆ ಕೂತು ಉಳಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಗೆ ಅಂತ ಬುಟ್ಟಿರೋ ಕರೆಂಟು ತಾನೆ ಅದು? ನೀರ್ ಎತ್ತೋದ್ನ ನಿಲ್ಸಿ ರಾಗಿ ಬೀಸ್ತೀನಿ. ನಮ್ ವಲಕ್ಕೆ ನೀರ್ ಕಮ್ಮಿ, ಊರಿಗೆ ಇಟ್ಟು. ಇದ್ರಲ್ಲಿ ಕದ್ದಿದ್ ಯಾವ್ದಮ್ಮಿ?"

ಅರ್ಥಶಾಸ್ತ್ರದಲ್ಲಿ ನಾವು ಇದನ್ನೇ ದೊಡ್ಡ ದೊಡ್ಡ ಮಾತಿನಲ್ಲಿ ಹೇಳುತ್ತೇವೆ: ಒಬ್ಬರಿಗೆ ಹಂಚಿದ ಪಾಲನ್ನು ಅವರು ಹೆಚ್ಚು ಉಪಯೋಗವಿರುವ ಕಡೆಗೆ ತಿರುಗಿಸಿಕೊಂಡರೆ ನಷ್ಟ ಯಾರಿಗೂ ಇಲ್ಲ, ಲಾಭ ಎಲ್ಲರಿಗೂ ಉಂಟು. ಅಕ್ಕ ಏಳನೇ ತರಗತಿ. ಅವಳ ಮಾತನ್ನು ನಾನು ಅವತ್ತೇ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಹಲಸಿನ ಮರವನ್ನೂ ಬರೆದುಕೊಂಡೆ.

ಹೋದ ವರ್ಷದ ಹಿಂದಿನ ವರ್ಷ ನಾನು ಒಂದು ಅಧ್ಯಯನ ಶುರುಮಾಡಿದೆ. ಪಂಪುಗಳಿಗೆ ಮೀಟರಿಲ್ಲ. ಆದ್ದರಿಂದ ರೈತರು ಇಷ್ಟು ಕರೆಂಟು ಬಳಸಿದರು ಎಂದು ಕಂಪನಿಯವರೇ ಒಂದು ಅಂದಾಜು ಬರೆಯುತ್ತಾರೆ, ಸರ್ಕಾರ ಅದರ ಮೇಲೆ ದುಡ್ಡು ಕೊಡುತ್ತದೆ. ತಂತಿಯಲ್ಲಿ ಸೋರಿಹೋದದ್ದು, ಬೇರೆಯವರು ಎತ್ತಿದ್ದು, ಯಾರ ತಲೆಗೂ ಕಟ್ಟಲಾಗದ್ದು ಎಲ್ಲವನ್ನೂ ಆ ಅಂದಾಜಿನೊಳಗೆ ಸುರಿಯಬಹುದು. ರೈತ ಕೇಳುವುದಿಲ್ಲ, ಅವನು ದುಡ್ಡು ಕೊಡುತ್ತಿಲ್ಲ. ಸರ್ಕಾರ ಕೇಳುವುದಿಲ್ಲ, ಮೀಟರು ಹಾಕಿಸಿ ಎಂದರೆ ರೈತ ಸಿಟ್ಟಾಗುತ್ತಾನೆ. ಕಂಪನಿ ಹೇಳುವುದಿಲ್ಲ. ಅಳೆಯದಿರುವುದರಲ್ಲಿ ಎಲ್ಲರಿಗೂ ನೆಮ್ಮದಿ. ಇಂಥ ನೆಮ್ಮದಿಯನ್ನು ಕೆಡಿಸಲು ಒಂದು ಪುಟ್ಟ ಲೆಕ್ಕ ಸಾಕು ಎಂದು ನನಗೆ ಅನ್ನಿಸಿತ್ತು.

ಅಕ್ಕನ ಜಮೀನಿನ ಮೂಲೆಯಲ್ಲೇ ಒಂದು ಟ್ರಾನ್ಸ್‌ಫಾರ್ಮರು ಇದೆ, ಊರಿನವರು ಟಿ.ಸಿ. ಅನ್ನುತ್ತಾರೆ. ಅದರ ಕಂಬದಲ್ಲಿ ಕಂಪನಿಯೇ ಯಾವತ್ತೋ ಕೂರಿಸಿದ ಮೀಟರು ಇತ್ತು. ಓದುವವರು ಯಾರೂ ಇರಲಿಲ್ಲ. ಗಾಜಿನ ಮೇಲೆ ಕಣಜ ಗೂಡು ಕಟ್ಟಿತ್ತು. ಗೂಡು ಬಿಡಿಸಿ, ಗಾಜು ಒರೆಸಿ, ಒಂದು ವರ್ಷ ಪ್ರತಿ ಭಾನುವಾರ ಆ ಮೀಟರು ಓದಿದೆ. ಆ ಟಿ.ಸಿ.ಯ ಮೇಲಿದ್ದ ಪಂಪುಗಳವರನ್ನೆಲ್ಲ ಕೂರಿಸಿಕೊಂಡು ಯಾವ ದಿನ ಎಷ್ಟು ಹೊತ್ತು ಓಡಿಸಿದಿರಿ ಎಂದು ಬರೆದುಕೊಂಡೆ. ಅಕ್ಕ ನನಗೆ ಬಿಸಿನೀರು ಕಾಯಿಸಿ, ಮುದ್ದೆ ಮಾಡಿ, ಜನರನ್ನು ಕರೆತಂದು ಕೂರಿಸಿ, ಒಂದು ವರ್ಷ ನನ್ನ ಹಿಂದೆ ತಿರುಗಿದಳು. ತಂಗಿ ಏನೋ ದೊಡ್ಡ ಕೆಲಸ ಮಾಡುತ್ತಿದ್ದಾಳೆ ಎಂದು ಮಿಲ್ಲಿಗೆ ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಲೆಕ್ಕ ನಾನಂದುಕೊಂಡ ಹಾಗೇ ಬಂತು. ಕಂಪನಿ ಆ ಪಂಪುಗಳ ಹೆಸರಲ್ಲಿ ಬರೆದದ್ದಕ್ಕಿಂತ ಅವು ಕುಡಿದದ್ದು ಕಡಿಮೆ.

ವರ್ಷಕ್ಕೊಂದು ಸಲ ಕಂಪನಿ ದರ ಏರಿಸಲು ಅರ್ಜಿ ಹಾಕುತ್ತದೆ. ದರ ಗೊತ್ತು ಮಾಡುವ ಆಯೋಗದವರು ಮೈಸೂರಿಗೆ ಬಂದು ಒಂದು ಸಭಾಂಗಣದಲ್ಲಿ ಕೂತು ಜನರ ಆಕ್ಷೇಪಣೆ ಕೇಳುತ್ತಾರೆ. ಬಿಸ್ಕತ್ತು, ಕಾಫಿ ಇರುತ್ತದೆ. ಕಾರ್ಖಾನೆಯವರು ವಕೀಲರನ್ನು ಕರೆತರುತ್ತಾರೆ. ರೈತರು ಹಸಿರು ಶಾಲು ಹಾಕಿಕೊಂಡು ಬರುತ್ತಾರೆ. ನಾನು ನನ್ನ ಫೈಲು ಹಿಡಿದು ಹೋದೆ. ನನ್ನ ಸರದಿ ಊಟಕ್ಕೆ ಮುಂಚೆ ಬಂತು. ಹೇಳಬೇಕಾದ್ದನ್ನು ಹೇಳಿದೆ. ಕಂಪನಿಯ ಕಡೆ ಒಬ್ಬ ಹಿರಿಯ ಅಧಿಕಾರಿ ಕೂತಿದ್ದರು, ಅವರ ಮುಖ ಕೆಂಪಾಯಿತು. ನನಗೆ ಒಳಗೊಳಗೇ ಖುಷಿಯಾಯಿತು.

ಆಯೋಗದ ಒಬ್ಬ ಸದಸ್ಯರು, ಸೌಮ್ಯ ಮನುಷ್ಯ, ಕೇಳಿದರು: ಆ ಟಿ.ಸಿ.ಯಿಂದ ಹೋಗುವ ಎಲ್ಲವನ್ನೂ ನೀವು ಲೆಕ್ಕಕ್ಕೆ ಹಿಡಿದಿದ್ದೀರಾ, ಏನಾದರೂ ಬಿಟ್ಟುಹೋಗಿರಬಹುದಲ್ಲ?

ಬಿಟ್ಟುಹೋಗಿದೆ ಎಂಬ ಮಾತನ್ನು ನಾನು ಜೀವಮಾನದಲ್ಲಿ ಸಹಿಸಿದವಳಲ್ಲ. ಏನೂ ಬಿಟ್ಟಿಲ್ಲ ಎಂದೆ. ಪಂಪಿನ ಶೆಡ್ಡೊಂದರಲ್ಲಿ, ಹಲಸಿನ ಮರದ ಪಕ್ಕ, ಒಬ್ಬ ಹೆಂಗಸು ವಾರಕ್ಕೆ ಮೂರು ಮಧ್ಯಾಹ್ನ ನಡೆಸುವ ರಾಗಿ ಮಿಲ್ಲಿನ ಕರೆಂಟನ್ನೂ ಬೇರೆಯಾಗಿ ತೋರಿಸಿದ್ದೇನೆ, ಇಷ್ಟನೇ ಪುಟದ ಅಡಿಯಲ್ಲಿದೆ, ನೋಡಿ ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಇಂಥ ಸಣ್ಣ ಮಿಲ್ಲುಗಳಿಗೆ ಸುಲಭವಾಗಿ ಕನೆಕ್ಷನ್ ಸಿಗುವ ಹಾಗೆ ನಿಯಮ ಮಾಡಿದರೆ ಇವರೂ ಮೀಟರಿನೊಳಗೆ ಬರುತ್ತಾರೆ ಎಂದೂ ಸಲಹೆ ಕೊಟ್ಟೆ. ಸದಸ್ಯರು ಮುಗುಳ್ನಕ್ಕು ತಲೆಯಾಡಿಸಿದರು. ಮುಖ ಕೆಂಪಾಗಿದ್ದ ಅಧಿಕಾರಿ ಪೆನ್ನು ತೆಗೆದು ಏನೋ ಗುರುತು ಹಾಕಿಕೊಂಡರು. ನನ್ನ ಕೆಲಸದ ಅಚ್ಚುಕಟ್ಟು ಅವರಿಗೂ ಹಿಡಿಸಿತು ಎಂದುಕೊಂಡು ಊಟಕ್ಕೆ ಹೋದೆ. ಪಲಾವ್ ಇತ್ತು, ಮೊಸರುಬಜ್ಜಿ ನೀರಾಗಿತ್ತು. ಅದನ್ನೂ ಬರೆದುಕೊಂಡೆ.

ಎಂಟು ದಿನ ಕಳೆದು, ಒಂದು ಮಧ್ಯಾಹ್ನ, ಜೀಪು ಅಕ್ಕನ ಶೆಡ್ಡಿನ ಮುಂದೆ ನಿಂತಿತು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಭಾವ. ಅವನಿಗೆ ಯಾವ ಸುದ್ದಿಯನ್ನಾದರೂ ನಗೆಚಾಟಿಕೆ ಮಾಡಿ ಹೇಳುವ ಚಟ. ಜೀಪಿನವರು ನೇರ ಹಲಸಿನ ಮರ ಕೇಳಿಕೊಂಡು ಬಂದರಂತೆ. ಮಿಲ್ಲು ಓಡುತ್ತಿತ್ತು. ಸಾಲಿನಲ್ಲಿ ಆರೇಳು ಚೀಲ ಇದ್ದವು. ಅಕ್ಕ ಸ್ವಿಚ್ಚು ಆರಿಸಿ ಕೈ ಒರೆಸಿಕೊಂಡು ನಿಂತಳಂತೆ, ಒಂದು ಸುಳ್ಳೂ ಹೇಳಲಿಲ್ಲವಂತೆ. ಅವರಲ್ಲೊಬ್ಬರು ಮಹಜರು ಬರೆಯಲು ಶುರುಮಾಡಿದರು. ಪಂಚರಾಗಿ ಸಹಿ ಹಾಕಲು ಇಬ್ಬರು ಬೇಕು ಎಂದರು. ಚೀಲ ತಂದಿದ್ದವರಲ್ಲಿ ಹೆಚ್ಚಿನವರು ಅಲ್ಲಿಂದ ಜಾರಿದರು. ಇಬ್ಬರು ಉಳಿದರು. ಅದರಲ್ಲೊಬ್ಬ ಪಕ್ಕದ ಜಮೀನಿನವನು, ಅದೇ ಟಿ.ಸಿ.ಯಿಂದ ಪಂಪು ಓಡಿಸುವವನು, ಚಿಕ್ಕಂದಿನಿಂದ ಅಕ್ಕನನ್ನು ಅಕ್ಕ ಎಂದೇ ಕರೆಯುವವನು. ಅವನ ಚೀಲ ಸಾಲಿನಲ್ಲಿ ಮೊದಲಿತ್ತು.

"ಸೈನ್ ಆಕ್ತೀನಿ ಬುಡಿ ಸಾ, ಅದ್ಕೇನಂತೆ," ಎಂದನಂತೆ ಅವನು. "ನಂದೊಂದ್ ಚೀಲ ಆಗೋಗ್ಲಿ. ಮನೇಲಿ ಇಟ್ಟಿಲ್ಲ. ಆಮೇಲ್ ಕಿತ್ಕೊಳಿ."

ಜೀಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಗಡಿಯಾರ ನೋಡಿಕೊಂಡರು, ಆಗಲಿ ಎಂದರು. ಅಕ್ಕ ಮತ್ತೆ ಸ್ವಿಚ್ಚು ಹಾಕಿದಳು. ಅವನ ರಾಗಿಯನ್ನು ಪೂರ್ತಿ ಬೀಸಿದಳು. ಬೀಸಿ, ಒನಕೆ ತುಂಡಿನಿಂದ ಮೂರು ಸಲ ಬಡಿದಳು. ಅವನು ಹಿಟ್ಟಿನ ಚೀಲ ಕಟ್ಟಿಕೊಂಡು, ಹಿಟ್ಟು ಮೆತ್ತಿದ್ದ ಕೈಯಲ್ಲೇ ಪೆನ್ನು ಹಿಡಿದು ಸಹಿ ಹಾಕಿದ. ಮಹಜರಿನ ಮೇಲೆ ಅವನ ಹೆಬ್ಬೆರಳಿನ ಹಿಟ್ಟು ಬಿತ್ತು, ಅದನ್ನು ಬರೆಯುವವರು ಊದಿ ಹಾರಿಸಿದರು. ಇದನ್ನು ಹೇಳುವಾಗ ಭಾವ ಊದಿ ತೋರಿಸಿದ.

ವೈರು ಕತ್ತರಿಸುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ವರದಿಯಲ್ಲಿ ಹೇಳಿದ ಮಿಲ್ಲು ಇದೇ ಎಂದು ಅವರಿಗೆ ಖಾತ್ರಿ ಬೇಕಿತ್ತು, ಅದನ್ನು ಬರೆದವಳು ಅಕ್ಕನ ತಂಗಿ ಎಂಬುದು ಊರಿಗೆಲ್ಲ ಗೊತ್ತಿತ್ತು. ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದೆ. ಅಕ್ಕನ ನಂಬರಿನಿಂದ ಫೋನು ಬಂತು, ಮಾತಾಡಿದ್ದು ಬೇರೆ ಯಾರೋ. ಬಹಳ ಮರ್ಯಾದೆಯಿಂದ ಕೇಳಿದರು, ಮೇಡಂ, ನಿಮ್ಮ ಆಕ್ಷೇಪಣೆಯಲ್ಲಿ ಬರುವ ಮಿಲ್ಲು ಇದೇನಾ ಎಂದು. ಫೋನು ಸ್ಪೀಕರಿನಲ್ಲಿತ್ತು. ಹಿಂದೆ ಯಾರೋ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ನನಗೆ ಗೊತ್ತು, ಹಿಟ್ಟಿನ ದೂಳಿಗೆ ಅಕ್ಕನಿಗೆ ಬರುವ ಕೆಮ್ಮು.

ಅಲ್ಲ ಎಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆ ಒಂದು ಮಾತಿನಿಂದ ನನ್ನ ಒಂದು ವರ್ಷದ ಲೆಕ್ಕ ಸುಳ್ಳಾಗುತ್ತಿತ್ತು, ಅದು ಮಾತ್ರ ಗೊತ್ತಿತ್ತು. ಕಂಪನಿಯವರು ಆ ಸುಳ್ಳನ್ನೇ ಹಿಡಿದು ಪೂರ್ತಿ ಆಕ್ಷೇಪಣೆಯನ್ನು ಅಲ್ಲಾಡಿಸಬಹುದಿತ್ತು. ಅಷ್ಟೆಲ್ಲ ಯೋಚಿಸಲು ನನಗೆ ಸಮಯವಿತ್ತು, ಬಾಯಲ್ಲಿದ್ದ ತುತ್ತು ನುಂಗುವಷ್ಟು. "ಅಧ್ಯಯನದಲ್ಲಿ ಪಾಲ್ಗೊಂಡವರ ಗುರುತನ್ನು ನಾನು ಹೇಳುವುದಿಲ್ಲ," ಎಂದೆ.

"ಆಯ್ತು ಮೇಡಂ, ಥ್ಯಾಂಕ್ಸ್," ಎಂದರು ಅವರು. ಹೌದು ಎಂದಿದ್ದರೂ ಅವರು ಅದನ್ನೇ ಹೇಳುತ್ತಿದ್ದರು.

ಆಮೇಲೆ ನಡೆದದ್ದು ಕಚೇರಿಗಳ ಕತೆ, ಅದನ್ನು ಉದ್ದ ಮಾಡುವುದಿಲ್ಲ. ದಂಡ ಕಟ್ಟಿದ್ದಾಯಿತು. ಬೇರೆ ಕನೆಕ್ಷನ್ನಿಗೆ ನಾನೇ ಅರ್ಜಿ ಬರೆದೆ. ಈ ವಿಷಯದ ನಿಯಮಗಳು ನನ್ನಷ್ಟು ತಿಳಿದವರು ಜಿಲ್ಲೆಯಲ್ಲಿ ಕಡಿಮೆ. ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಬೆಂಚಿನ ಮೇಲೆ ಕೂತೆ. ಅಲ್ಲಿದ್ದವರು ಯಾರೂ ಕೆಟ್ಟವರಲ್ಲ. ಒಬ್ಬರು ಕುಡಿಯಲು ನೀರು ಕೊಟ್ಟರು, ಒಬ್ಬರು ತಮ್ಮ ಮಗಳ ಸೀಟಿನ ಬಗ್ಗೆ ಸಲಹೆ ಕೇಳಿದರು. ಕೇಸು ಇರುವ ಜಾಗಕ್ಕೆ ಕೇಸು ಪೂರ್ತಿ ಮುಗಿಯುವವರೆಗೆ ಹೊಸ ಕನೆಕ್ಷನ್ ಬರುವುದಿಲ್ಲ ಎಂದರು. ಕೇಸು ಮುಗಿಯಲು ಮೇಲಿನ ಕಚೇರಿಯ ಸಹಿ ಬೇಕು. ಮೇಲಿನ ಕಚೇರಿಯಲ್ಲಿ ಫೈಲು ಇರುವುದು ಆ ಕೆಂಪು ಮುಖದ ಅಧಿಕಾರಿಯ ಮೇಜಿನ ಮೇಲೆ.

ಅವರ ಮೇಲೆ ನಾನು ಬಹಳ ದಿನ ಸಿಟ್ಟಿಟ್ಟುಕೊಂಡಿದ್ದೆ. ಈಗ ಇಲ್ಲ. ಅವರು ಮಾಡಿದ್ದು ಸಂಸ್ಥೆಗಳು ಮಾಡುವ ಕೆಲಸವನ್ನೇ. ನಾನು ಅವರ ಮುಂದೆ ಎರಡು ತಪ್ಪು ಇಟ್ಟಿದ್ದೆ. ದೊಡ್ಡದಕ್ಕೆ ಊರಿಲ್ಲ, ಹೆಸರಿಲ್ಲ, ಬಾಗಿಲಿಲ್ಲ. ಅದು ಸಾವಿರಾರು ಟಿ.ಸಿ.ಗಳ ಅಂದಾಜಿನೊಳಗೆ ಕರಗಿತ್ತು. ಸಣ್ಣದಕ್ಕೆ ಒಂದು ಹಲಸಿನ ಮರವಿತ್ತು. ಜೀಪು ಮರ ಇರುವ ಕಡೆಗೇ ಹೋಗುತ್ತದೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ನನ್ನ ವಿಷಯವೇ ಅದು. ಮರವನ್ನು ನಾನೇ ಬರೆದುಕೊಟ್ಟೆ ಎಂಬುದಷ್ಟೇ ಹೊಸದು.

ಆಯೋಗದ ಆದೇಶ ಬೇಸಿಗೆಯಲ್ಲಿ ಬಂತು. ನನ್ನ ಮುಖ್ಯ ಆಕ್ಷೇಪಣೆಗೆ ಒಂದು ಸಾಲಿನ ಉತ್ತರ ಇತ್ತು, ಪರಿಶೀಲಿಸುವಂತೆ ಕಂಪನಿಗೆ ಸೂಚಿಸಲಾಗಿದೆ ಎಂದು. ಆದರೆ ನಾನು ಮಾತಿನ ಭರದಲ್ಲಿ ಕೊಟ್ಟ ಆ ಸಲಹೆಯನ್ನು ಅವರು ಒಪ್ಪಿಕೊಂಡಿದ್ದರು. ಹಳ್ಳಿಯ ಸಣ್ಣ ಹಿಟ್ಟಿನ ಮಿಲ್ಲುಗಳಿಗೆ ಸರಳ ಅರ್ಜಿಯ ಮೇಲೆ ಕನೆಕ್ಷನ್ ಕೊಡಬೇಕು, ಹಳೇ ಕೇಸು ಇರಬಾರದು ಎಂಬುದೊಂದೇ ಷರತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನಗೆ ಹೂವಿನ ಹಾರ ಹಾಕಿಸಿದರು. ನಮ್ಮ ಮೇಡಂ ಮಾತಿಗೆ ಕಾನೂನೇ ಬದಲಾಯಿತು ಎಂದರು.

ಆ ಹೊಸ ನಿಯಮದ ಕೆಳಗೆ ಆ ಹೋಬಳಿಯಲ್ಲಿ ಮೊದಲು ಅರ್ಜಿ ಹಾಕಿದವನು, ಹಿಟ್ಟಿನ ಕೈಯಲ್ಲಿ ಸಹಿ ಹಾಕಿದ ಪಕ್ಕದ ಜಮೀನಿನವನು. ರಸ್ತೆ ಬದಿಗೆ ಅವನದೊಂದು ಹೊಗೆಸೊಪ್ಪು ಬೇಯಿಸುವ ಹಳೇ ಬ್ಯಾರನ್ ಇತ್ತು. ಅದಕ್ಕೆ ಸುಣ್ಣ ಹೊಡೆಸಿ ಮೀಟರು ಕೂರಿಸಿಕೊಂಡ. ಮೂರು ವಾರದಲ್ಲಿ ಕರೆಂಟು ಬಂತು. ಕಚೇರಿಯವರೇ ಬಂದು ಫೋಟೋ ತೆಗೆಸಿಕೊಂಡು ಹೋದರು.

ಇಷ್ಟಾದರೂ ಅಕ್ಕ ನನಗೆ ಒಂದು ಮಾತು ಅಂದವಳಲ್ಲ. ಅಂದಿದ್ದರೆ ನಾನು ಏನಾದರೂ ಉತ್ತರ ಹುಡುಕಿಕೊಳ್ಳುತ್ತಿದ್ದೆ. ಮೊದಲೆಲ್ಲ ನಾನು ಹೋದರೆ ಸೀದಾ ಅಡಿಗೆಮನೆಗೆ ನುಗ್ಗಿ, ಪಾತ್ರೆಗೇ ಕೈ ಹಾಕಿ ತಿನ್ನುತ್ತಿದ್ದೆ, ಅವಳು ಕೈ ಮೇಲೆ ಹೊಡೆಯುತ್ತಿದ್ದಳು. ಈಗ ಕಾಲಿಗೆ ನೀರು ತಂದುಕೊಡುತ್ತಾಳೆ. ನಡುಮನೆಯಲ್ಲಿ ಚಾಪೆ ಹಾಸುತ್ತಾಳೆ. ಸ್ಟೀಲಿನ ಹೊಸ ಲೋಟದಲ್ಲಿ ಕಾಫಿ ಕೊಡುತ್ತಾಳೆ, ಬೀಗರ ಕಡೆಯವರಿಗೆ ಕೊಡುವ ಹಾಗೆ. ಊಟಕ್ಕೆ ನನಗೇ ಮೊದಲು ಬಡಿಸುತ್ತಾಳೆ. ನಾನು ಎದ್ದು ಬಟ್ಟಲು ತೊಳೆಯಲು ಹೋದರೆ ಕೈಯಿಂದ ಇಸಿದುಕೊಳ್ಳುತ್ತಾಳೆ. ಇವತ್ತು ಅವರೆಕಾಯಿ ಸುಲಿಯಲು ಅವಳಿಗೆ ಗೊತ್ತಾಗದಂತೆ ಮೊರ ಎತ್ತಿಕೊಂಡೆ. ಕಂಡು ಬೇಡ ಅಂದಳು.

ಭಾವ ಮಾತ್ರ ಬಿಡುವುದಿಲ್ಲ. ಅವನು ಎಲೆಅಡಿಕೆ ಉಗಿಯಲು ಎದ್ದರೂ, "ಬರ್ಕೊಳಿ ಮೇಡಮ್ಮು, ಭಾವ ಮೂಡ್ಲಾಗಿ ಉಗ್ದ ಅಂತ," ಅನ್ನುತ್ತಾನೆ. ಎಮ್ಮೆ ಈದಾಗ ಫೋನು ಮಾಡಿ, ಎಣ್ಣು ಕರ, ಬೆನ್ನ ಮೇಲೊಂದ್ ಮಚ್ಚೆ, ಪಕ್ಕದಲ್ ಯಾವ್ ಮರ ಅದೆ ಅಂತ ಏಳ್ಬೇಕಾ ಎಂದು ಕೇಳಿದ. ಎದುರಿಗೆ ಜನ ಇದ್ದರೆ ಇನ್ನೂ ಹುರುಪು. ನಾನೂ ನಗುತ್ತೇನೆ. ನಗದಿದ್ದರೆ ಅವನು ನಿಲ್ಲಿಸಿಬಿಡುತ್ತಾನೆ, ಆಗ ಆ ಮನೆಯಲ್ಲಿ ನನ್ನ ಜೊತೆ ಸಲಿಗೆಯಿಂದ ಮಾತಾಡುವವರು ಯಾರೂ ಉಳಿಯುವುದಿಲ್ಲ.

ಇವತ್ತು ನಾನು ಬಂದಾಗ ಆ ಪಕ್ಕದ ಜಮೀನಿನವನು ಜಗಲಿಯ ಮೇಲೆ ಕೂತಿದ್ದ. ಅವನು ತರಿಸಿದ್ದ ಕಬ್ಬಿಣದ ಯಂತ್ರದಲ್ಲಿ ಹಿಟ್ಟು ಸುಟ್ಟ ವಾಸನೆ ಬರುತ್ತದೆಂದು ಜನ ಎಚ್.ಡಿ. ಕೋಟೆ ರಸ್ತೆಯ ಕಡೆಗೆಲ್ಲ ಹುಡುಕಿಕೊಂಡು ಹೋಗುತ್ತಿದ್ದಾರಂತೆ. ಅಕ್ಕನ ಕಲ್ಲುಗಳು ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿವೆ, ಅವನ್ನು ಕೊಟ್ಟರೆ ಊರಿಗೇ ಉಪಕಾರ ಎಂದ. ಕಲ್ಲು ಕೂರಿಸಲು ಅವನಿಗೆ ಬರುವುದಿಲ್ಲ, ಹಲ್ಲು ಕೊಚ್ಚಲೂ ಬರುವುದಿಲ್ಲ.

"ನೀನೇ ಬಂದು ಕೂತ್ಕೊಂಬುಡಕ್ಕ. ವಾರಕ್ಕೆ ಮೂರು ಮದ್ಯಾನ ಸಾಕು. ಕೂಲಿ ಕೊಡ್ತೀನಿ. ಮೀಟ್ರದೆ, ಯಾರ್ ಬಂದ್ರೂ ಎದ್ರುಕಿಲ್ಲ."

ಮೂರು ಮಧ್ಯಾಹ್ನ ಎಂಬ ಮಾತು ಅವನು ಬೇಕೆಂದು ಆಡಿದ್ದಲ್ಲ. ಅವನಿಗೆ ಹಳೇ ಅಭ್ಯಾಸ, ಅಷ್ಟೇ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಬಹಳ ದಿನದ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಏನಮ್ಮಿ, ಓಗ್ಲಾ? ನಿನ್ ಕಾನೂನಲ್ಲಿ ಏನದೆ ಅದ್ಕೆ?"

ಅವನೂ ನನ್ನ ಕಡೆ ತಿರುಗಿದ. ಭಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ನಾನು ಯೋಚಿಸಿದೆ. ಕೇಸು ಇರುವುದು ಜಾಗದ ಮೇಲೆ, ಮನುಷ್ಯರ ಮೇಲಲ್ಲ. ಕಲ್ಲು ಸ್ಥಳಾಂತರಕ್ಕೆ ಅನುಮತಿ ಬೇಡ. ಬೇರೆಯವರ ಮಿಲ್ಲಿನಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. "ತೊಂದರೆ ಏನೂ ಇಲ್ಲ ಅಕ್ಕ," ಎಂದೆ.

ಅವಳು ನಕ್ಕಳು. ನಗು ಜೋರಾಗಿಯೇ ಇತ್ತು, ಭಾವನೂ ಸೇರಿಕೊಂಡ, ಪಕ್ಕದವನೂ ಯಾಕೆಂದು ತಿಳಿಯದೆ ನಕ್ಕ. ಆಮೇಲೆ ಅವಳು ಒಳಗೆ ಹೋಗಿ ಉಳಿ, ಸುತ್ತಿಗೆ, ಒನಕೆಯ ತುಂಡು ತಂದಳು.

ಕಲ್ಲು ಏರಿಸುವಾಗ ಹಗ್ಗ ಹಿಡಿದೆ ಎಂದು ಮೊದಲೇ ಬರೆದಿದ್ದೇನೆ. ಟ್ರ್ಯಾಕ್ಟರಿನ ಹಿಂದೆ ನಾವು ನಡೆದು ಹೋದೆವು. ಅಕ್ಕ ಕಲ್ಲು ಕೂರಿಸಲು ಎರಡು ಗಂಟೆ ತೆಗೆದುಕೊಂಡಳು. ಸಂದಿನೊಳಗೆ ಕಾಗದದ ಚೂರು ತೂರಿಸಿ ತೂರಿಸಿ ನೋಡಿದಳು. ಅವಳು ಸ್ವಲ್ಪ ಓರೆ ಕೂರಿಸಬಹುದು, ಒಂದು ತಿಂಗಳಲ್ಲಿ ಕಲ್ಲು ಬಿರಿಯುವ ಹಾಗೆ ಮಾಡಬಹುದು ಎಂದು ನಾನು ಕಾಯುತ್ತಿದ್ದೆ. ಕಾಯುತ್ತಿದ್ದೆ ಎನ್ನುವುದಕ್ಕಿಂತ ಆಸೆಪಡುತ್ತಿದ್ದೆ ಎನ್ನುವುದೇ ಸರಿ. ಅವಳು ನೆಟ್ಟಗೇ ಕೂರಿಸಿದಳು. ಕರೆಂಟು ಹಾಕಿದಾಗ ಕಲ್ಲು ಮೊದಲಿನಂತೆಯೇ ಗುಂಯ್‌ಗುಟ್ಟಿತು. ಗೋಡೆಯ ಮೇಲೆ ಹೊಸ ಮೀಟರಿನ ಕೆಂಪು ಚುಕ್ಕಿ ಮಿಣುಕುತ್ತಿತ್ತು. ನನ್ನ ಸಲಹೆ ಕಾನೂನಾಗಿ, ಗೋಡೆಗೆ ಬಂದು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಮೊದಲು ಮನೆಯ ರಾಗಿ ಬೀಸಿಕೊಂಡಳು. ಒನಕೆ ತುಂಡಿನಿಂದ ಮೂರು ಸಲ ಬಡಿದಳು. ಅಷ್ಟರಲ್ಲಿ ಸುದ್ದಿ ತಿಳಿದು ಒಬ್ಬ ಅಜ್ಜಿ ತಲೆಯ ಮೇಲೆ ಸಣ್ಣ ಚೀಲ ಹೊತ್ತು ಬಂದಳು. ಅಯ್ಯೋ ನೀನೇ ಬಂದ್ಯೇನವ್ವ, ಇನ್ಮೇಲ್ ನಮ್ಗೆ ಚಿಂತಿಲ್ಲ ಬುಡು ಎಂದು ಅಕ್ಕನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. ಅವಳ ರಾಗಿ ಮೇಲಿನ ಡಬ್ಬಕ್ಕೆ ಸುರಿಯುವಾಗ ಪಕ್ಕದ ಜಮೀನಿನವನು, ಈಗ ಮಿಲ್ಲಿನ ಯಜಮಾನ, ಅಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಎರಡ್ ಬಡ್ದ್ರೆ ಸಾಕಕ್ಕ. ಮೂರ್ನೇದು ನಮ್ಗಿರ್ಲಿ. ಬಿಲ್ ಕಟ್ಬೇಕಲ್ಲ ನಾನು."

ನನಗೆ ಕೇಳಿಸಿತು. ಮೀಟರಿಲ್ಲದಾಗ ಅಜ್ಜಿಗೆ ಸಲ್ಲುತ್ತಿದ್ದ ಒಂದು ಹಿಡಿ ಹಿಟ್ಟು ಮೀಟರು ಬಂದ ಮೇಲೆ ಅವಳದಲ್ಲ. ಇದನ್ನು ಯಾವ ಆಯೋಗದ ಮುಂದೆ ಹೇಳಬೇಕು, ಯಾವ ಪುಟದ ಅಡಿಯಲ್ಲಿ ಬರೆಯಬೇಕು ಎಂದು ನನ್ನ ತಲೆ ಅಲ್ಲೇ ಶುರುಮಾಡಿತು. ಅದನ್ನು ನಿಲ್ಲಿಸಲು ನನ್ನಿಂದ ಆಗುವುದಿಲ್ಲ.

ರಾಗಿ ಮುಗಿಯಿತು. ಅಜ್ಜಿ ಚೀಲದ ಬಾಯಿ ಹಿಡಿದು ನಿಂತಿದ್ದಳು. ಅಕ್ಕ ಒನಕೆಯ ತುಂಡು ಎತ್ತಿದಳು. ಒಂದು ಬಡಿದಳು. ಎರಡು ಬಡಿದಳು. ತುಂಡು ಕೈಯಲ್ಲೇ ಇತ್ತು. ಅಜ್ಜಿ ಇನ್ನೂ ಚೀಲ ಹಿಡಿದುಕೊಂಡೇ ಇದ್ದಳು, ಅಕ್ಕನ ಕೈ ನೋಡುತ್ತಾ, ಅವಳಿಗೆ ಲೆಕ್ಕ ಗೊತ್ತಿತ್ತು. ಅಕ್ಕ ತುಂಡನ್ನು ಕಲ್ಲಿನ ಹಿಂದೆ ಇಟ್ಟಳು.

"ಕಟ್ಕೊಳಜ್ಜಿ, ಆಯ್ತು," ಎಂದಳು.

ಅಜ್ಜಿ ಚೀಲ ಕಟ್ಟಿ ತಲೆಯ ಮೇಲೆ ಇಡಲು ನನ್ನನ್ನು ಕರೆದಳು. ನಾನು ಎತ್ತಿ ಇಟ್ಟೆ. ಹೋಗುವಾಗ ಅವಳು ಅಕ್ಕನಿಗೆ ಬತ್ತೀನಿ ಕಣವ್ವ ಎಂದು ಹೇಳಲಿಲ್ಲ. ಮಿಲ್ಲು ಮುಚ್ಚಿ ನಾನೂ ಅಕ್ಕನೂ ಮನೆಗೆ ನಡೆದೆವು. ಮನೆ ಹತ್ತಿರ ಬಂದಾಗ ಅಕ್ಕ, "ಎರಡು," ಎಂದಳು. "ಬರ್ಕೋ."

ಊಟಕ್ಕೆ ಹಿತಕಿದ ಅವರೆಕಾಳಿನ ಸಾರು, ಅದೇ ಹೊಸ ಹಿಟ್ಟಿನ ಮುದ್ದೆ, ನಾನು ತಂದ ಬಾಳೆಹಣ್ಣು. ಭಾವ ಎರಡು ಮುದ್ದೆ ಉಂಡ, ಬರೆದುಕೊಳ್ಳಲು ಹೇಳಲಿಲ್ಲ. ಅಕ್ಕ ನನಗೇ ಮೊದಲು ಬಡಿಸಿದಳು. ತಾನು ಅರ್ಧ ಮುದ್ದೆ ಬಿಟ್ಟಳು. ಇಷ್ಟು ವರ್ಷವೂ ಆ ಮನೆಯಲ್ಲಿ ಪಂಪು ಹಾಕಲು ತ್ರೀಫೇಸ್ ಯಾವಾಗ ಬರುತ್ತದೋ ಎಂದು ಕಾದು ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದವಳು ಅವಳು. ಇವತ್ತು ನನ್ನ ಹಾಸಿಗೆ ಹಾಸಿ, ತಲೆದೆಸೆಗೆ ನೀರಿನ ಚೊಂಬಿಟ್ಟು, ಗೋಡೆಯ ಕಡೆ ತಿರುಗಿ ಅವಳೇ ಮೊದಲು ಮಲಗಿದಳು.